ಸ್ಟುಡಿಯೋ ಕೀ ಕೊಟ್ಟಾಯ್ತು, ಥ್ಯಾಂಕ್ಸ್ ಬಾಕಿ ಇತ್ತು

ನಾಲ್ಕನೇ ಸೆಮಿಸ್ಟರ್ ಮುಗೀತು. ನಮ್ಮ ಕ್ಯಾಂಪಸ್ ಟಿವಿಯ ಸ್ಟುಡಿಯೋ ಕೀ ಜೂನಿಯರ್‌ಗಳ ಕೈ ಸೇರಿದೆ. ಬೀಳ್ಕೊಡುಗೆ ದಿನ ನನ್ನ ಕೈಗೂ ಮೈಕ್ ಕೊಟ್ಟಿದ್ದರು, ಆದರೆ ಎರಡು ಮಾತು ನೆಟ್ಟಗೆ ಬರಲಿಲ್ಲ. ಆಂಕರ್‌ಗಳಿಗೆ ಉಚ್ಚಾರಣೆ ತಿದ್ದುತ್ತಿದ್ದವನ ಗತಿ ನೋಡಿ. ಅದಕ್ಕೇ ಬರೆಯುತ್ತಿದ್ದೇನೆ.

ಸಾಮಾನು ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ ಸ್ಟುಡಿಯೋಗೆ ಕೊಟ್ಟ ನಮ್ಮ ಮೇಷ್ಟ್ರಿಗೆ, ಬುಲೆಟಿನ್ ಮುಗಿಯುವ ತನಕ ಊಟ ಎತ್ತಿಡುತ್ತಿದ್ದ ಮೆಸ್ಸಿನ ಅಕ್ಕನಿಗೆ, ಕ್ಯಾಮೆರಾ, ಲೈಟ್, ಆಂಕರ್ ಓದುವ ಸಾಲು ತೋರಿಸುವ ಪ್ರಾಂಪ್ಟರ್ ನೋಡಿಕೊಳ್ಳುತ್ತಿದ್ದ ಹುಡುಗ-ಹುಡುಗಿಯರಿಗೆ, ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಟ್ರೈಪಾಡ್ ಇಡಲು ಮನೆ ಮಾಳಿಗೆ ಬಿಟ್ಟುಕೊಟ್ಟವರಿಗೆ, ಮೆಕ್ಕೆಜೋಳದ ರೇಟು ಕೇಳಿ ಕೇಳಿ ತಲೆ ತಿಂದರೂ ಕ್ಯಾಮೆರಾ ಮುಂದೆ ಮಾತಾಡಿ ಬೈಟ್ ಕೊಟ್ಟ ಎಪಿಎಂಸಿ ವರ್ತಕರಿಗೆ, ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ನಿಲ್ಲಿಸಿ ಮಾತಾಡಿದ ಹಿರಿಯರಿಗೆ, ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಒಂದೇ ಉಸಿರಲ್ಲಿ ಮುಗಿಸಿದ ಅಂತ ಬೇಜಾರು ಮಾಡ್ಕೋಬೇಡಿ.

ನಮ್ಮ ಮೇಷ್ಟ್ರು ಆಗಾಗ 1984ರ ಕಥೆ ಹೇಳುತ್ತಿದ್ದರು. ಆ ವರ್ಷ ಆಗಸ್ಟ್ 15ಕ್ಕೆ ದೂರದರ್ಶನದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಂಟ್ರಿವೈಡ್ ಕ್ಲಾಸ್‌ರೂಮ್ ಅನ್ನೋ ಪಾಠದ ಕಾರ್ಯಕ್ರಮ ಶುರುವಾಯಿತು. ಆಗ ವಿದ್ಯಾರ್ಥಿಗಳು ಕೂತು ನೋಡುತ್ತಿದ್ದರು. ಈಗ ನೀವೇ ಮಾಡ್ತಿದ್ದೀರಿ ಅಂತ ಅವರಿಗೆ ಹೆಮ್ಮೆ. ನಮಗೆ ಆ ಹೆಮ್ಮೆಗಿಂತ ದೊಡ್ಡದಾಗಿ ಕಾಣುತ್ತಿದ್ದದ್ದು ಒಂದೇ: ನಾಳೆ ಯಾರು ಬರ್ತಾರೆ?

ಯಾಕಂದರೆ ವಿದ್ಯಾರ್ಥಿ ಟಿವಿಯಲ್ಲಿ ಮಷಿನ್ ಹೇಗಾದರೂ ಹೊಂದಿಸಬಹುದು, ಜನ ನಿಲ್ಲುವುದಿಲ್ಲ. ಎಂ.ಎ. ಇರುವುದೇ ಎರಡು ವರ್ಷ. ಮೊದಲ ವರ್ಷ ಕಲಿಯುವುದರಲ್ಲಿ ಹೋಗುತ್ತದೆ. ಕೈ ಕುದುರಿತು ಅನ್ನುವಷ್ಟರಲ್ಲಿ ಇಂಟರ್ನ್‌ಶಿಪ್, ಪ್ರಾಜೆಕ್ಟ್, ಬೆಂಗಳೂರಿನ ಬಸ್ಸು. ನಡುವೆ ಇಂಟರ್ನಲ್ಸ್ ಬಂದರೆ ಪಿಸಿಆರ್‌ನಲ್ಲಿ, ಅಂದರೆ ಕಂಟ್ರೋಲ್ ರೂಮಿನಲ್ಲಿ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚರ್ ಒತ್ತಲೂ ಜನ ಇರುವುದಿಲ್ಲ. ಮತ್ತೆ ಆಡಿಷನ್‌ಗೆ ಬಂದವರೆಲ್ಲ ಆಂಕರ್ ಆಗಬೇಕು. ಕೇಬಲ್ ಸುತ್ತುವವರು ಬೇಡವಾ? ಅದಕ್ಕೇ ಒಂದು ನಿಯಮ ಮಾಡಿದೆವು. ಯಾರೇ ಬರಲಿ, ಮೊದಲು ಕೇಬಲ್, ಬ್ಯಾಟರಿ, ಪ್ರಾಂಪ್ಟರ್. ಆಮೇಲೆ ಕ್ಯಾಮೆರಾ ಮುಂದೆ. ಪ್ರತಿ ಸೀನಿಯರ್ ಪಕ್ಕದಲ್ಲಿ ಒಬ್ಬ ಜೂನಿಯರ್ ಕುರ್ಚಿ ಹಾಕಿಕೊಂಡು ಕೂರಲೇಬೇಕು. ಕೆಲವರು ಮುಖ ಸಿಂಡರಿಸಿ ಹೋದರು. ಹೋಗಲಿ ಬಿಡಿ ಅಂದೆವು. ಆ ನಿಯಮ ಸರಿ ಅಂತ ನಾನು ಈಗಲೂ ಹೇಳುತ್ತೇನೆ.

ಹಾಗೆ ಉಳಿದವರಲ್ಲಿ ಒಬ್ಬ ಜಗಳೂರು ಕಡೆಯ ಹುಡುಗ. ಹೆಸರು ಹಾಕಬೇಡಿ ಅಂತ ಅವನೇ ಹೇಳಿದ್ದಾನೆ, ಹಾಕಲ್ಲ. ಅವನೂ ಆಂಕರ್ ಆಗಲೆಂದೇ ಬಂದಿದ್ದ. ದನಿ ತೀರಾ ಮೆತ್ತಗೆ, ಆಯ್ಕೆ ಆಗಲಿಲ್ಲ. ಆಡಿಯೊ ನೋಡ್ಕೋತೀಯಾ ಅಂದರೆ ಸುಮ್ನೆ ತಲೆಯಾಡಿಸಿದ.

ಆಮೇಲೆ ಗೊತ್ತಾಯ್ತು ಅವನ ಕಿವಿ ಎಂಥದ್ದು ಅಂತ. ನಮ್ಮ ಬುಲೆಟಿನ್‌ಗಳಲ್ಲಿ ಮೊದಲಿಂದಲೂ ಸಣ್ಣಗೆ ಗುಂಯ್ ಅನ್ನೋ ಸದ್ದು ಇರುತ್ತಿತ್ತು. ಮಿಕ್ಸರ್ ಹಳೇದು, ಅಷ್ಟೇ ಅಂದುಕೊಂಡಿದ್ದೆವು. ಇವನು ನೆಲದ ಮೇಲೆ ಮಂಡಿಯೂರಿ, ಮೈಕ್ ವೈರು ಹೋದ ದಾರಿಯನ್ನೇ ಹಿಡಿದು ನೋಡುತ್ತಾ ಹೋದ. ಲೈಟಿನ ಕರೆಂಟ್ ವೈರಿನ ಜೊತೆಗೇ ಗೋಡೆಯುದ್ದಕ್ಕೂ ಅಂಟಿಕೊಂಡು ಬಂದಿತ್ತು. ಎರಡನ್ನೂ ಬಿಡಿಸಿ ದೂರ ಹಾಕಿದ. ದಾಟಲೇಬೇಕಾದ ಕಡೆ ಕೂಡು ಗುರುತಿನ ಹಾಗೆ ನೇರ ಅಡ್ಡಕ್ಕೆ ದಾಟಿಸಿದ. ಸದ್ದು ನಿಂತಿತು. ಕೇಬಲ್ಲನ್ನು ಮೊಣಕೈಗೆ ಸುತ್ತುವ ಚಟ ಬಿಡಿಸಿದ್ದೂ ಅವನೇ. ಒಂದು ಸುತ್ತು ಹೊರಗಿನಿಂದ, ಇನ್ನೊಂದು ಒಳಗಿನಿಂದ. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಳ್ಳಲ್ಲ, ಎಸೆದರೆ ಗಂಟಾಗದೆ ಬಿಚ್ಚಿಕೊಳ್ಳುತ್ತದೆ.

ಯುವಜನೋತ್ಸವದ ಸಮಾರೋಪದ ಹಿಂದಿನ ರಾತ್ರಿಯ ಕಥೆ ನಿಮಗೆಲ್ಲ ಗೊತ್ತಿದೆ, ಪೂರ್ತಿ ಹೇಳಲ್ಲ. ಬೆಳಿಗ್ಗೆ ಸಮಾರೋಪದಲ್ಲಿ ನಮ್ಮ ವಿಶೇಷ ಸಂಚಿಕೆ ದೊಡ್ಡ ಪರದೆ ಮೇಲೆ ಬರಬೇಕು, ಸಂಜೆ ಶೂಟ್ ಮಾಡಿದ್ದೆಲ್ಲ ಇದ್ದ ಹಾರ್ಡ್ ಡಿಸ್ಕ್ ಕಣ್ಣು ಮುಚ್ಚಿತು. ಕ್ಯಾಮೆರಾ ಕಾರ್ಡುಗಳು ಆಗಲೇ ಮರುದಿನಕ್ಕೆ ಖಾಲಿ. ಪರೀಕ್ಷೆ ಹತ್ತಿರ ಬಂದಿತ್ತು, ತಂಡ ಅರ್ಧಕ್ಕಿಳಿದಿತ್ತು. ಇದ್ದವರೂ ಕೊನೇ ಬಸ್ಸಿಗೆ ಹೊರಟರು. ಹರಿಹರಕ್ಕೆ, ಚನ್ನಗಿರಿಗೆ ಹೋಗುವವರು ಇನ್ನೇನು ಮಾಡ್ತಾರೆ?

ಇವನ ರೆಕಾರ್ಡರಿನಲ್ಲಿ ಮಾತ್ರ ಎಲ್ಲ ಕಾರ್ಯಕ್ರಮದ ಸೌಂಡ್ ಬೇರೆಯಾಗಿ ಉಳಿದಿತ್ತು. ಅಳಿಸೋಕೆ ಮನಸ್ಸು ಬರಲ್ಲ ಅಣ್ಣ ಅಂತಿದ್ದ. ಸೌಂಡ್ ಇದೆ, ಚಿತ್ರ ಇಲ್ಲ. ಟಿವಿಯವರ ಕಥೆ! ಪೆನ್‌ಡ್ರೈವ್ ಹಿಡಿದು ಹಾಸ್ಟೆಲ್ಲಿನ ರೂಮು ರೂಮಿಗೆ ಹೋಗಿ ಬಾಗಿಲು ತಟ್ಟಿದ. ಯಾರು ಮೊಬೈಲಲ್ಲಿ ಏನು ಹಿಡಿದಿದ್ದರೋ ಎಲ್ಲ ತಂದ. ಹುಡುಗಿಯರ ಹಾಸ್ಟೆಲ್‌ನವರು ವಾಟ್ಸಾಪಿನಲ್ಲಿ ಕಳಿಸಿದರು. ಎಲ್ಲಾ ಉದ್ದುದ್ದ ನಿಲ್ಲಿಸಿ ಹಿಡಿದ ವಿಡಿಯೋಗಳು. ಮೂರು ಮೂರು ಪಕ್ಕಪಕ್ಕ ಜೋಡಿಸಿದೆವು. ಮೊಬೈಲಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಲೆಕ್ಕ, ಒಂದೇ ಸಮ ಇರುವುದಿಲ್ಲ. ಆರಂಭದಲ್ಲಿ ಸರಿಯಾಗಿ ಕೂತ ಸೌಂಡ್ ಹೋಗ್ತಾ ಹೋಗ್ತಾ ಜಾರುತ್ತದೆ. ಡೊಳ್ಳಿನ ಪೆಟ್ಟು ಒಂದು ಕಡೆ, ಕೋಲು ಒಂದು ಕಡೆ. ಅವನು ಪ್ರತಿ ಪೆಟ್ಟಿಗೂ ಸೌಂಡಿನ ಗೆರೆ ನೋಡಿ ತುಂಡು ಮಾಡಿ ಕೂರಿಸುತ್ತಾ ಹೋದ.

ಬೆಳಗಿನ ಜಾವ ಯಾವಾಗಲೋ ನಾನು ಕಾರಿಡಾರಿಗೆ ಎದ್ದು ಹೋದೆ. ಅವತ್ತೇ ಇನ್ನೊಬ್ಬ ಎಡಿಟರ್ ಗ್ರೂಪ್ ಬಿಟ್ಟಿದ್ದ. ಕ್ಲಾಸಿಗಿಂತ ಜಾಸ್ತಿ ಹೊತ್ತು ಕಳೆದ ಜಾಗ, ಒಬ್ಬೊಬ್ಬರೇ ಎದ್ದು ಹೋಗ್ತಿದ್ದಾರೆ, ನಾನೊಬ್ಬನೇ ಯಾಕೆ ಹಿಡ್ಕೊಂಡು ಕೂತಿದ್ದೀನಿ ಅನ್ನಿಸಿತು. ಮೆಟ್ಟಿಲ ಮೇಲೆ ಕೂತು ಅತ್ತೆ. ಜೋರಾಗಿಯೇ ಅತ್ತೆ. ಅವನು ಬಂದ. ಕೈಯಲ್ಲಿ ಸಂಜೆ ತಂದಿದ್ದ ಮಂಡಕ್ಕಿ ಪೊಟ್ಟಣ, ಮೆತ್ತಗಾಗಿತ್ತು. ಮಿರ್ಚಿಯೂ ತಣ್ಣಗಾಗಿತ್ತು. ಯಾಕೆ, ಏನು ಅಂತ ಕೇಳಲೇ ಇಲ್ಲ. "ಮೊದ್ಲು ತಿನ್ರಿ ಅಣ್ಣ. ಡೊಳ್ಳು ಕೂತಿದೆ, ವೀರಗಾಸೆ ಒಂದೇ ಬಾಕಿ" ಅಂದ. ತಿಂದೆ. ಒಳಗೆ ಹೋದೆವು.

ಬೆಳಿಗ್ಗೆ ಸಂಚಿಕೆ ಓಡಿತು. ಚಪ್ಪಾಳೆ ಬಿದ್ದಾಗ ಅವನು ಹಾಲ್‌ನಲ್ಲಿ ಇರಲಿಲ್ಲ, ಮಿಕ್ಸರ್ ಪಕ್ಕ ಗೋಡೆಗೆ ಒರಗಿ ನಿದ್ದೆ ಹೋಗಿದ್ದ.

ನಿನಗೆ ಥ್ಯಾಂಕ್ಸ್ ಕಣೋ. ಆ ರಾತ್ರಿ ನೀನೂ ಹಾಸ್ಟೆಲ್‌ಗೆ ಹೋಗಿಬಿಟ್ಟಿದ್ದರೆ ಮರುದಿನ ನಾನು ಕೀ ವಾಪಸ್ ಕೊಟ್ಟುಬಿಡುತ್ತಿದ್ದೆ. ಇದನ್ನು ನಿನ್ನೆದುರು ಹೇಳಿಲ್ಲ, ಇಲ್ಲಿ ಓದ್ಕೋ. ಮನೆಯಿಂದ ಅವ್ವ ಕಟ್ಟಿಕೊಟ್ಟ ರೊಟ್ಟಿ-ಶೇಂಗಾ ಚಟ್ನಿ ಗಂಟನ್ನು ತಂಡಕ್ಕೆಲ್ಲ ಬಿಚ್ಚಿಟ್ಟೆಯಲ್ಲ, ಅವ್ವನಿಗೂ ಹೇಳು.

ಈಗ ತಂಡದ ಜವಾಬ್ದಾರಿ ಅವನದೇ. ಏನೇ ಶೂಟ್ ಮಾಡಿದರೂ ಎರಡು ಡಿಸ್ಕಿಗೆ ಹೋಗುತ್ತದೆ, ಎರಡನೆಯದು ಬೇರೆ ಬೀರುವಿನಲ್ಲಿ. ಹೊಸ ಬ್ಯಾಚ್ ಬಂದ ಮೇಲೆ ಆಡಿಷನ್ ಇಡುತ್ತಾನೆ. ಆಂಕರ್ ಆಗೋರು ಬನ್ನಿ, ಬೇಡ ಅನ್ನಲ್ಲ. ಆದರೆ ಕೇಬಲ್ ಹೇಗೆ ಸುತ್ತುತ್ತೀರಿ ಅಂತ ಮೊದಲು ನೋಡ್ತಾನಂತೆ.