ಗೂಡುದೀಪಕ್ಕೆ ಯಾವ ಬಣ್ಣ ಅಂತ ಕೇಳಿದ ಮಗಳಿಗೆ

ಮಂಗಳೂರು

ಪ್ರೀತಿಯ ಮಗಳೇ,

ದೀಪಾವಳಿಗೆ ಹಾಸ್ಟೆಲಿನಲ್ಲಿ ನೀವೇ ಗೂಡುದೀಪ ಮಾಡ್ತೀರಿ ಅಂತ ಕೇಳಿ ಖುಷಿಯಾಯಿತು. ಯಾವ ಬಣ್ಣಕ್ಕೆ ಯಾವುದು ಹೊಂದುತ್ತದೆ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂತ ಕೇಳಿ ಮರೆತುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಮಾಡಿದ ನೀಲಿ ಗೂಡುದೀಪ ನೆನಪಿದೆಯಾ? ಕಡುನೀಲಿ, ನೇರಳೆ ಗ್ಲಾಸ್ ಪೇಪರ್ ನಾನೇ ಆರಿಸಿ ತಂದಿದ್ದೆ. ಹಗಲಲ್ಲಿ ಚಾವಡಿಯಲ್ಲಿಟ್ಟರೆ ಎಷ್ಟು ಚೆಂದ! ರಾತ್ರಿ ಬಲ್ಬ್ ಹಾಕಿದರೆ ಮಸಿ ಹಿಡಿದ ಮಡಕೆ. ನೀನು ಅತ್ತೇಬಿಟ್ಟೆ. ಆಚೆ ಮನೆಯವರ ಸಾದಾ ಹಳದಿ ಗೂಡು ಗೇಟಿನ ತನಕ ಬೆಳಗುತ್ತಿತ್ತು. ಆಮೇಲೆ ಅರ್ಥವಾಯಿತು. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ. ನೀಲಿ ಕಾಗದವೋ ನೀಲಿ ಬೆಳಕನ್ನಷ್ಟೇ ಹೊರಗೆ ಬಿಡುತ್ತದೆ. ಒಳಗೇ ಇಲ್ಲದ್ದನ್ನು ಎಲ್ಲಿಂದ ಬಿಡಬೇಕು? ನೀಲಿಯೇ ಬೇಕಾದರೆ ಬಿಳಿ ಎಲ್‌ಇಡಿ ಹಾಕು.

ಹಾಗಾಗಿ ಅಂಗಡಿಯ ಮೇಜಿನ ಮೇಲೆ ಹರಡಿ ಕಾಗದ ಆರಿಸಬೇಡ, ಬೆಳಕಿಗೆ ಹಿಡಿದು ನೋಡು. ಒಂದರ ಮೇಲೊಂದು ಇಟ್ಟೂ ನೋಡು. ಹಳದಿ ಮೇಲೆ ನೀಲಿ ಇಟ್ಟರೆ ಹಸಿರು. ಕೆಂಪಿನ ಮೇಲೆ ಹಸಿರು ಇಟ್ಟರೆ ಹೆಚ್ಚುಕಡಿಮೆ ಕಪ್ಪು.

ಕೆಂಪು-ಹಸಿರು, ನೀಲಿ-ಕಿತ್ತಳೆ, ಹಳದಿ-ನೇರಳೆ. ಬಣ್ಣಗಳನ್ನು ಸುತ್ತಲೂ ವೃತ್ತದಲ್ಲಿ ಜೋಡಿಸಿದ ಬಣ್ಣದ ಚಕ್ರದಲ್ಲಿ ಇವು ಎದುರುಬದುರು ಕೂತವು. ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಎತ್ತಿ ತೋರಿಸುತ್ತವೆ, ಸರಿಸಮ ಹಾಕಿದರೆ ಮಾತ್ರ ಜಗಳ. ಒಂದು ಮನೆಯವನಾದರೆ ಇನ್ನೊಂದು ನೆಂಟ, ಅಷ್ಟೇ ಇರಲಿ. ಮೈಯೆಲ್ಲ ಹಳದಿ-ಕಿತ್ತಳೆ ಮಾಡಿ ಕೆಳಗಿನ ಬಾಲಕ್ಕೆ ಒಂಚೂರು ನೀಲಿ ಹಾಕು.

ನೆರೆಮನೆ ಕೆಟ್ಟರೆ ಬಣ್ಣವೂ ಕೆಡುತ್ತದೆ ಮಾರಾಯ್ತಿ! ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲಿಗೆ ಗಾಢತೆ ಇಲ್ಲ ಅಂತ ದೂರು ಬಂದಿತ್ತು. ಅಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿ ಪರೀಕ್ಷಿಸಿದರೆ ನೂಲಿಗೆ ಏನೂ ಆಗಿರಲಿಲ್ಲ. ಪಕ್ಕದ ಬಣ್ಣಗಳು ಅದನ್ನು ಮಂಕು ಮಾಡಿದ್ದವು. 1839ರಲ್ಲಿ ಅವರು ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು.

ದೂರದಿಂದ ಕಾಣಬೇಕಾದರೆ ನಮ್ಮ ಹುಲಿವೇಷ ನೆನಪಿಸಿಕೋ. ಹಳದಿ ಮೈ, ಕಪ್ಪು ಪಟ್ಟೆ. ದಸರಾ ಜನಜಂಗುಳಿಯಲ್ಲೂ ಬೀದಿಯ ಆ ತುದಿಯಿಂದ ಹುಲಿ ಕಾಣುತ್ತದೆ ಅಲ್ವಾ? ಒಂದು ತಿಳಿ, ಒಂದು ಕಡು, ಅದಕ್ಕೇ. ನಿನ್ನ ಕಾಗದಗಳನ್ನು ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡು. ಎಲ್ಲಾ ಒಂದೇ ಬೂದಿ ಬಣ್ಣ ಆದರೆ ಒಂದನ್ನು ಬದಲಿಸು.

ಮೈದಾ ಅಂಟು ತೆಳ್ಳಗೆ ಬಳಿ. ಜಾಸ್ತಿಯಾದರೆ ದೀಪ ಹಾಕಿದಾಗ ಕಲೆ ಕಾಣುತ್ತದೆ. ಮುಗಿದ ಮೇಲೆ ಫೋಟೋ ಕಳಿಸು. ಹಗಲಿನದ್ದು ಬೇಡ, ರಾತ್ರಿಯದ್ದು.

ನಿನ್ನ ಅಮ್ಮ