ಐದರ ಲೆಕ್ಕದಲ್ಲಿ ಜೋ ಮೊರೆಲ್ಲೊ

ಪ್ರಿಯ ಶ್ರೀನಿ,

ಜಾಝ್ ಡ್ರಮ್ಮರ್‌ಗಳು ಸುಮ್ನೆ ಗದ್ದಲ ಮಾಡುತ್ತಾರೆ, ಅದರಲ್ಲಿ ಲೆಕ್ಕ ಎಲ್ಲಿದೆ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅರ್ಧ ಆಯಸ್ಸು ಮೃದಂಗದ ಮುಂದೆ ಕಳೆದವನು ನೀನು. ನಿನಗೆ ಹತ್ತು ಹೆಸರು ಹೇಳಿ ಪ್ರಯೋಜನವಿಲ್ಲ, ಒಂದೇ ಹೇಳುತ್ತೇನೆ: ಜೋ ಮೊರೆಲ್ಲೊ. ಅವನ ಕೈ ಎಷ್ಟು ವೇಗವಾಗಿ ಓಡುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಅವನು ಬಾರಿಸದೆ ಬಿಡುವ ಜಾಗಗಳೇ ಜಾಸ್ತಿ ಇಷ್ಟ.

ಹುಟ್ಟಿದ್ದು 1928ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಹುಟ್ಟಿನಿಂದಲೇ ಕಣ್ಣು ಮಂದ. ಬೇರೆ ಹುಡುಗರ ಜೊತೆ ಆಡಲು ಆಗದ ಮಗುವಿಗೆ ಆರನೇ ವಯಸ್ಸಿನಲ್ಲಿ ಪಿಟೀಲು ಸಿಕ್ಕಿತು. ಒಂಬತ್ತಕ್ಕೆಲ್ಲ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮೆಂಡೆಲ್ಸನ್‌ನ ಪಿಟೀಲು ಕಾನ್ಸರ್ಟೊ ನುಡಿಸಿದ. ಆಮೇಲೆ ಹದಿಹರೆಯದಲ್ಲಿ ಯಾಷಾ ಹೈಫೆಟ್ಸ್‌ನ ಪಿಟೀಲು ಕೇಳಿದ. ಆ ನಾದ ತನ್ನ ಕೈಯಿಂದ ಯಾವತ್ತೂ ಬರುವುದಿಲ್ಲ ಅನ್ನಿಸಿತು, ಪಿಟೀಲು ಬಿಟ್ಟು ಡ್ರಮ್ ಹಿಡಿದ. ನಾದದ ಮೇಲಿನ ಆ ಆಸೆ ಮಾತ್ರ ಹೋಗಲಿಲ್ಲ ಅಂತ ನನ್ನ ಭಾವನೆ. ಅವನ ಒಂದೊಂದು ಪೆಟ್ಟಿಗೂ ಒಂದು ಸ್ವರದ ಗುಣವಿದೆ.

ಬಾಸ್ಟನ್‌ನಲ್ಲಿ ಜಾರ್ಜ್ ಲಾರೆನ್ಸ್ ಸ್ಟೋನ್ ಅಂತ ಗುರು ಸಿಕ್ಕಿದರು. ಅವರ ಪಾಠಪುಸ್ತಕ ಅಮೆರಿಕದ ಡ್ರಮ್ಮರ್‌ಗಳಿಗೆ ನಮ್ಮ ಸರಳೆ ವರಸೆ ಇದ್ದ ಹಾಗೆ. ಈ ಶಿಷ್ಯ ಆ ಪಾಠಗಳಿಗೆ ತನ್ನದೇ ಒತ್ತುಗಳನ್ನು ಸೇರಿಸಿ ನುಡಿಸಿ ತೋರಿಸಿದ. ಗುರುವಿಗೆ ಸಿಟ್ಟು ಬರಲಿಲ್ಲ. ಅದನ್ನೇ ಬೆಳೆಸಿ ಇನ್ನೊಂದು ಪುಸ್ತಕ ಬರೆದರು. ಎಂಥ ದೊಡ್ಡ ಮನಸ್ಸು ಅಲ್ವಾ?

1952ರಲ್ಲಿ ನ್ಯೂಯಾರ್ಕ್‌ಗೆ ಬಂದು, ಪಿಯಾನೊ ವಾದಕಿ ಮೇರಿಯನ್ ಮೆಕ್‌ಪಾರ್ಟ್‌ಲ್ಯಾಂಡ್ ಜೊತೆ ಹಿಕರಿ ಹೌಸ್ ಎಂಬ ಕ್ಲಬ್ಬಿನಲ್ಲಿ ಕೆಲವು ವರ್ಷ ನುಡಿಸಿದ. 1956ರಲ್ಲಿ ಡೇವ್ ಬ್ರೂಬೆಕ್ ತನ್ನ ತಂಡಕ್ಕೆ ಕರೆದ. ಆ ತಂಡದಲ್ಲಿ ಬೆಳಕೆಲ್ಲ ಬ್ರೂಬೆಕ್‌ನ ಪಿಯಾನೊ ಮೇಲೆ, ಪಾಲ್ ಡೆಸ್ಮಂಡ್‌ನ ಸ್ಯಾಕ್ಸೊಫೋನ್ ಮೇಲೆ. ಡ್ರಮ್ಮರ್ ಹಿಂದೆ ಕೂತು ತಾಳ ಕೊಟ್ಟರೆ ಸಾಕು ಅನ್ನುವ ಹಾಗಿತ್ತು. ಡ್ರಮ್‌ಗೂ ಜಾಗ ಬೇಕು ಅಂತ ಮೊರೆಲ್ಲೊ ಮೊದಲೇ ಹೇಳಿದ, ಬ್ರೂಬೆಕ್ ಒಪ್ಪಿದ. ಆರಂಭದ ದಿನಗಳಲ್ಲೇ ಅವನ ಸೋಲೊಗೆ, ಅಂದರೆ ಅವನೊಬ್ಬನೇ ಮುಂದಾಗಿ ನುಡಿಸುವ ಭಾಗಕ್ಕೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೆಸ್ಮಂಡ್‌ಗೆ ಅದು ಸರಿಬೀಳಲಿಲ್ಲ. ಇವನಿದ್ದರೆ ನಾನಿರುವುದಿಲ್ಲ ಅನ್ನುವವರೆಗೆ ಹೋಯಿತು. ಬ್ರೂಬೆಕ್ ಜಗ್ಗಲಿಲ್ಲ. ಇಬ್ಬರೂ ಉಳಿದರು, ನಿಧಾನಕ್ಕೆ ಸ್ನೇಹಿತರೂ ಆದರು.

ಅದೇ ಡೆಸ್ಮಂಡ್ ಮೂರು ವರ್ಷದ ನಂತರ ಮೊರೆಲ್ಲೊನ ಸೋಲೊಗಾಗಿಯೇ ಒಂದು ಹಾಡು ಕಟ್ಟಿದ. ಅದೇ ‘ಟೇಕ್ ಫೈವ್’.

ಇದನ್ನು ನೀನು ಕೂತು ಕೇಳಲೇಬೇಕು. ಮೊರೆಲ್ಲೊ ಐದರ ಲೆಕ್ಕದಲ್ಲಿ, ಅಂದರೆ ತಾಳದ ಒಂದು ಸುತ್ತಿಗೆ ಐದು ಎಣಿಕೆ ಇಟ್ಟು, ಆಗಾಗ ನುಡಿಸುತ್ತಿದ್ದ. ಆ ನಡೆಯ ಮೇಲೆ ರಾಗ ಹಾಕು ಅಂತ ಬ್ರೂಬೆಕ್ ಡೆಸ್ಮಂಡ್‌ಗೆ ಹೇಳಿದ. 1959ರ ಜೂನ್ 25ರಂದು ನ್ಯೂಯಾರ್ಕ್‌ನ ಕೊಲಂಬಿಯಾ ಸ್ಟುಡಿಯೊದಲ್ಲಿ ಮೊದಲ ಪ್ರಯತ್ನ ನಡೆಯಿತು. ಎಷ್ಟು ಸಲ ನುಡಿಸಿದರೂ ಕೂಡಿಬರಲಿಲ್ಲ, ಕೈಬಿಟ್ಟರು. ಜುಲೈ 1ರಂದು ಮತ್ತೆ ಕೂತಾಗ ಸಲೀಸಾಗಿ ಬಂತು. ನಮಗೆ ಗೊತ್ತಿರುವುದು ಆ ದಿನದ್ದು.

ಮೊದಲು ಡ್ರಮ್ ಒಂದೇ ಶುರುವಾಗುತ್ತದೆ. ಆಮೇಲೆ ಪಿಯಾನೊ, ಆಮೇಲೆ ಯೂಜಿನ್ ರೈಟ್‌ನ ಬಾಸ್, ಕೊನೆಗೆ ಸ್ಯಾಕ್ಸೊಫೋನ್. ಐದರ ತಾಳವಾದ ನಿನ್ನ ಖಂಡಚಾಪು ‘ತಕ ತಕಿಟ’, ಎರಡು ಮೂರು. ಇಲ್ಲಿ ಅದು ತಿರುಗಿದೆ: ‘ತಕಿಟ ತಕ’, ಮೂರು ಎರಡು. ಕೈಯಲ್ಲಿ ಹಾಕಿ ನೋಡು, ಪಿಯಾನೊದ ಎಡಗೈ ಬಲಗೈ ಎರಡೂ ಅದನ್ನೇ ಹೇಳುತ್ತವೆ. ಸ್ಯಾಕ್ಸೊಫೋನ್ ಸೋಲೊ ಮುಗಿದ ಮೇಲೂ ಆ ಪಿಯಾನೊ ನಿಲ್ಲುವುದಿಲ್ಲ. ಮೃದಂಗದವರೇ ಮುಂದಾಗಿ ನುಡಿಸುವ ತನಿ ಆವರ್ತನದಲ್ಲಿ ಗಾಯಕರು ತಾಳ ಹಾಕುತ್ತಾ ಕೂರುತ್ತಾರಲ್ಲ, ಬ್ರೂಬೆಕ್ ಅದೇ ಕೆಲಸ ಮಾಡುತ್ತಾನೆ. ಅದರ ಮೇಲೆ ಮೊರೆಲ್ಲೊ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ನುಡಿಸುತ್ತಾನೆ.

ಅಲ್ಲಿ ಅವನು ಎಷ್ಟು ಕಡಿಮೆ ಬಾರಿಸುತ್ತಾನೆ ಗಮನಿಸು. ಒಂದು ಚಿಕ್ಕ ಮಾತು, ಆಮೇಲೆ ಬಿಡುವು. ಬಾಸ್ ಡ್ರಮ್ಮಿನ ಒಂದು ಗುದ್ದು, ಸಿಂಬಲ್ ಮೊಳಗಿ ತಾನಾಗಿ ಅಡಗುವವರೆಗೂ ಕಾಯುವುದು. ಆ ಬಿಡುವಿನಲ್ಲಿ ಪಿಯಾನೊದ ಐದು ಕೇಳಿಸುತ್ತಲೇ ಇರುತ್ತದೆ. ಮತ್ತೆ ಹಿಡಿಯುವಾಗ ಅವನು ಪ್ರತಿ ಸಲ ಒಂದನೇ ಎಣಿಕೆಗೆ ಬರುವುದಿಲ್ಲ. ಆವರ್ತ, ಅಂದರೆ ಆ ಐದರ ಸುತ್ತು, ದಾಟಿ ಹೋಗುವ ಮಾತು ಕಟ್ಟುತ್ತಾನೆ. ನೀನು ತಾಳ ಬಿಟ್ಟರೆ ಅವನೇ ತಪ್ಪಿದ ಅನ್ನಿಸುತ್ತದೆ. ಬಿಡದೆ ಹಾಕಿದರೆ ಸರಿಯಾದ ಜಾಗಕ್ಕೆ ಬಂದು ಸೇರುವುದು ಗೊತ್ತಾಗುತ್ತದೆ. ಲೆಕ್ಕ ಎಲ್ಲಿದೆ ಅಂದೆಯಲ್ಲ, ಇಲ್ಲಿದೆ.

ಬೇಸರದ ಸಂಗತಿ ಏನೆಂದರೆ, ರೇಡಿಯೊಗಾಗಿ ಚಿಕ್ಕ ರೆಕಾರ್ಡ್ ಮಾಡುವಾಗ ಕತ್ತರಿ ಬಿದ್ದದ್ದು ಇದೇ ಸೋಲೊ ಮೇಲೆ. 1961ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಸೇರಿದ್ದು ಆ ಮೊಟಕಾದ ರೂಪ. ನೀನು ‘ಟೈಮ್ ಔಟ್’ ಆಲ್ಬಮ್‌ನಲ್ಲಿರುವ ಪೂರ್ತಿ ಹಾಡನ್ನೇ ಹುಡುಕು.

ನಿನಗೆ ಹತ್ತಿರವಾದ ಇನ್ನೊಂದು ವಿಷಯ. 1958ರಲ್ಲಿ ಅಮೆರಿಕ ಸರ್ಕಾರ ಈ ತಂಡವನ್ನು ಪೋಲೆಂಡ್, ಟರ್ಕಿ, ಇರಾನ್, ಇರಾಕ್ ಜೊತೆಗೆ ನಮ್ಮ ದೇಶಕ್ಕೂ ಕಳಿಸಿತ್ತು. ಮದ್ರಾಸಿನಲ್ಲಿ ಅವರು ಮೃದಂಗ ವಿದ್ವಾಂಸ ಪಳನಿ ಸುಬ್ರಮಣ್ಯ ಪಿಳ್ಳೆಯವರ ಜೊತೆ ಕೂತು ನುಡಿಸಿದರು. ಹೌದು, ನಿನ್ನ ಗುರುಗಳು ಕೈಮುಗಿದು ಹೆಸರೆತ್ತುತ್ತಿದ್ದ ಅದೇ ಎಡಗೈ ಪಿಳ್ಳೆಯವರು! ಆ ಪ್ರವಾಸದ ನೆನಪಿಗೆ ಮಾಡಿದ ಆಲ್ಬಮ್‌ನಲ್ಲಿ ‘ಕಲ್ಕತ್ತಾ ಬ್ಲೂಸ್’ ಅಂತ ಒಂದಿದೆ. ಅದರಲ್ಲಿ ಮೊರೆಲ್ಲೊ ಕೋಲು ಪಕ್ಕಕ್ಕಿಟ್ಟು ಕೈಯಿಂದಲೇ ಡ್ರಮ್ ನುಡಿಸುತ್ತಾನೆ. ಮೃದಂಗದ ನಾದ ಅಲ್ಲಿಲ್ಲ, ಅನುಕರಣೆಯೂ ಅಲ್ಲ. ಕೇಳಿ ಬಂದದ್ದನ್ನು ತನ್ನ ವಾದ್ಯದಲ್ಲಿ ಹುಡುಕುವ ಪ್ರಯತ್ನ. ನನಗೆ ಅದು ತುಂಬಾ ಗೌರವ ಹುಟ್ಟಿಸುತ್ತದೆ.

1961ರ ‘ಅನ್‌ಸ್ಕ್ವೇರ್ ಡ್ಯಾನ್ಸ್’ ಏಳರದ್ದು. ಚಪ್ಪಾಳೆ, ಬಾಸ್, ಕೋಲಿನ ಟಕಟಕ, ಸ್ವಲ್ಪ ಪಿಯಾನೊ, ಅಷ್ಟೇ. ಮಿಶ್ರಚಾಪು ಹಾಕಲು ಹೋಗಬೇಡ, ಅದರಲ್ಲಿ ಮೂರು ಮೊದಲು, ಇಲ್ಲಿ ಮೂರು ಕೊನೆಗೆ ಬರುತ್ತದೆ. ತಪ್ಪದೆ ಮುಗಿಸಿದ ಖುಷಿಗೆ ಕೊನೆಯಲ್ಲಿ ನಗುವವನು ಮೊರೆಲ್ಲೊನೇ. ಅದೇ ವರ್ಷ ಸ್ವಂತ ಹೆಸರಿನಲ್ಲಿ ‘ಇಟ್ಸ್ ಅಬೌಟ್ ಟೈಮ್’ ಅಂತ ಒಂದು ಆಲ್ಬಮ್ ಮಾಡಿದ. ಚೆನ್ನಾಗಿದೆ, ಆದರೆ ಅದು ಆಮೇಲೆ.

ವೇಗವೂ ಬೇಕು ಅಂದರೆ 1963ರ ಫೆಬ್ರವರಿಯ ಕಾರ್ನೆಗಿ ಹಾಲ್ ಕಛೇರಿ ಇದೆ. ಅದರಲ್ಲಿ ‘ಕ್ಯಾಸ್ಟಿಲಿಯನ್ ಡ್ರಮ್ಸ್’ ಅವನದೇ ತನಿ, ಇದೂ ಐದರಲ್ಲಿ. ಅವತ್ತು ಅವನಿಗೆ ಜ್ವರ ಅಂತ ಬ್ರೂಬೆಕ್ ಹೇಳಿದ್ದಾನೆ. ಕೇಳಿದರೆ ನಂಬಲು ಆಗುವುದಿಲ್ಲ.

1967ರ ಕೊನೆಗೆ ತಂಡ ಚದುರಿತು. ಮೊರೆಲ್ಲೊ ಹೆಚ್ಚಾಗಿ ಪಾಠಕ್ಕೆ ಕೂತ. 1976ರಲ್ಲಿ ಉಳಿದ ದೃಷ್ಟಿಯೂ ಹೋಯಿತು, ಪಾಠ ನಿಲ್ಲಲಿಲ್ಲ. 2011ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ಮೊದಲು ‘ಟೇಕ್ ಫೈವ್’, ಆಮೇಲೆ ‘ಕಲ್ಕತ್ತಾ ಬ್ಲೂಸ್’, ಇದೇ ಕ್ರಮದಲ್ಲಿ ಕೇಳು. ಫೋನಿನ ಸ್ಪೀಕರ್‌ನಲ್ಲಿ ಬೇಡ, ಬಾಸ್ ಡ್ರಮ್ ಕೇಳಿಸುವುದೇ ಇಲ್ಲ. ಸೋಲೊದಲ್ಲಿ ಅವನು ಆವರ್ತ ದಾಟುವ ಜಾಗಗಳನ್ನು ಸೊಲ್ಲುಕಟ್ಟಿನಲ್ಲಿ, ‘ತಕ ತಕಿಟ’ ಅಂತ, ಬರೆದು ಕಳಿಸು. ನಾನು ಬರೆದುಕೊಂಡದ್ದರ ಜೊತೆ ಇಟ್ಟು ನೋಡಬೇಕು.

ನಿನ್ನ,
ರಘು