ಪುಟ್ಟಿಗೆ, ಚಳ್ಳಕೆರೆಯಿಂದ

ಪುಟ್ಟಿ,

ಇಂಗ್ಲೆಂಡಿಂದ ವಾಪಸ್ ಬಂದು ನಾವು ಮನೆ ಮುಟ್ಟಿ ಹನ್ನೊಂದು ದಿನ ಆಯ್ತು. ವೀಡಿಯೋ ಕಾಲ್‌ನಲ್ಲಿ ನೀನು ನಿಮ್ಮಮ್ಮನ ಹತ್ರ ಮಾತಾಡ್ತೀಯ, ನಾನು ಹಿಂದೆ ಪೇಪರ್ ಹಿಡ್ಕೊಂಡು ಕೂತಿರ್ತೀನಿ, ಅಪ್ಪ ಹೆಂಗಿದಾರೆ ಅಂತೀಯ, ಇಲ್ಲೇ ಇದಾರೆ ಅಂತಾಳೆ, ಅಷ್ಟೇ. ಹಿಂಗೇ ಬಿಟ್ರೆ ಈ ಮುನಿಸನ್ನ ದೀಪಾವಳಿ ತನ್ಕ ಎಳೀತೀರ ಇಬ್ರೂ ಅಂತ ಬೈದು ಅವಳೇ ಫೋನ್ ಕೈಗೆ ಕೊಟ್ಟಿದಾಳೆ. ಆ ಬೆಳಗ್ಗೆ ಏನಾಯ್ತು, ಯಾರು ಏನಂದ್ರು ಅಂತ ಇಬ್ರಿಗೂ ಗೊತ್ತು, ಅದನ್ನೆಲ್ಲ ಮತ್ತೆ ಬರೆಯಲ್ಲ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಬ್ರಿಸ್ಟಲ್‌ನಿಂದ ವೇಲ್ಸ್‌ನ ಪೆಂಬ್ರೋಕ್‌ಷೈರ್ ತನ್ಕ ನೀನೊಬ್ಳೇ ಕಾರ್ ಓಡಿಸಿದ್ದು, ಕೊನೇಲಿ ಎರಡೂ ಕಡೆ ಬೇಲಿ ಒತ್ಕೊಂಡು ಬರೋ ಆ ಸಂದಿಯಂಥ ರೋಡಲ್ಲಿ ಟ್ರ್ಯಾಕ್ಟರ್ ಎದುರಾದಾಗ ಅಷ್ಟುದ್ದ ರಿವರ್ಸ್ ತಗೊಂಡಿದ್ದು, ಮೂವತ್ತು ವರ್ಷ ಗಾಡಿ ಓಡ್ಸಿರೋ ನನ್ ಕೈಲೂ ಆಗ್ತಿರ್ಲಿಲ್ಲ. ಆಗ ಇದನ್ನ ಹೇಳ್ಲಿಲ್ಲ, ನಿಧಾನ ನಿಧಾನ ಅಂತ ಮಾತ್ರ ಅಂತಿದ್ದೆ. ರೋಡ್ ಮೇಲೆ ದೊಡ್ಡಕ್ಷರದಲ್ಲಿ ಬರ್ದಿದ್ದನ್ನ ನಾನು ಅರಾಫ್ ಅಂತ ಓದಿ ಯಾವ್ದೋ ಊರು ಅನ್ಕೊಂಡ್ರೆ ನೀನು ನಕ್ಕು, ಅದು ಅರಾವ್ ಅಪ್ಪ, ವೆಲ್ಶ್‌ನಲ್ಲಿ ನಿಧಾನ ಅಂತ, ಅಂದೆ. ನನ್ ಮಾತನ್ನೇ ರೋಡ್ ಮೇಲೆ ಬರೆಸಿಟ್ಟಿದ್ರು.

ಆ ಶೆಪರ್ಡ್ಸ್ ಹಟ್‌ಗೆ ರಾತ್ರಿಗೆ 120 ಪೌಂಡ್ ಅಂದಾಗ ಮುಖ ಗಂಟಿಕ್ಕಿದ್ದು ನಿಜ. ಹದಿಮೂರು ಸಾವಿರ ಕೊಟ್ಟು ಕುರಿ ಕಾಯೋರ ಗುಡಿಸ್ಲಲ್ಲಿ ಮಲಗೋದಾ, ಕುರಿ ಕಾದೋನ ಮಗ? ನಿಮ್ಮ ತಾತ ಇದ್ದಿದ್ರೆ ನಕ್ಕು ನಕ್ಕು ಎಲಡಿಕೆ ನೆತ್ತಿಗೆ ಹತ್ತಿರೋದು. ಅವರ ಡೇವಿಡ್ ಕ್ಯಾಮರಾನ್ ಪ್ರಧಾನಿ ಕೆಲಸ ಬಿಟ್ಮೇಲೆ 2017ರಲ್ಲಿ 25,000 ಪೌಂಡ್ ಕೊಟ್ಟು ಅಂಥದ್ದೇ ಒಂದು ತಗೊಂಡು ಅದರಲ್ಲಿ ಕೂತು ಪುಸ್ತಕ ಬರೆದ್ರಂತೆ, ಅಂಥೋರಿಗೆ ಸರಿ. ಆದ್ರೂ ಒಳಗೆ ಕಾಲಿಟ್ಟ ಮೇಲೆ ನಾನು ಸುಮ್ನಾದೆ, ನೀನು ನೋಡಿದೆ. ಕಬ್ಬಿಣದ ಗಾಲಿ, ತಗಡಿನ ಮೈ, ಕಮಾನಿನಂಥ ಚಾವಣಿ, ಮೂಲೇಲಿ ಸೌದೆ ಒಲೆ, ಕುರಿ ಮೇಲೆ ಕಣ್ಣಿಡೋಕೆ ಎರಡೂ ಕಡೆ ಕಿಟಕಿ. ಆ ಹೊಲದ ಹೆಂಗಸು ಹೇಳಿದ್ಲಲ್ಲ, ಇದು ಹೊಸದಾಗಿ ಮಾಡಿಸಿದ್ದು, ಹಳೇವು ಇಂಗ್ಲೆಂಡಿನ ಡಾರ್ಸೆಟ್ ಕಡೇವು, ಕುರಿ ಈಯೋ ಕಾಲಕ್ಕೆ ಕುದುರೆ ಕಟ್ಟಿ ಎಳ್ಕೊಂಡು ಹೋಗಿ ಹೊಲದಲ್ಲೇ ನಿಲ್ಲಿಸ್ತಿದ್ರು, ಮಂಚದ ಕೆಳಗೆ ತಬ್ಬಲಿ ಮರಿಗಳಿಗೆ ಗೂಡು ಇರ್ತಿತ್ತು ಅಂತ. ಅಲ್ಲಿಗೆ ನನ್ನ ನಿದ್ದೆ ಹಾರಿಹೋಯ್ತು. ನಮ್ಮ ಮಂಚದ ಕೆಳಗೆ ಇದ್ದಿದ್ದು ನಿನ್ನ ಸೂಟ್‌ಕೇಸು.

ಸಮುದ್ರದ ದಂಡೆ ಹಿಡ್ಕೊಂಡು ಹೋಗೋ ಆ ಕಾಲುದಾರಿ 186 ಮೈಲಿ, 1970ರಲ್ಲಿ ಶುರುವಾಗಿದ್ದು ಅಂತ ನೀನು ನಿನ್ನ ಮಗನಿಗೆ ಹೇಳ್ತಿದ್ದೆ. ಆ ವರ್ಷ ನಂಗೆ ಹನ್ನೊಂದು. ಶೇಂಗಾ ಕಿತ್ತ ಹೊಲದಲ್ಲಿ ಕುರಿ ತರುಬಿದ್ವಿ, ಕುರಿ ಗೊಬ್ಬರಕ್ಕೆ ರಾತ್ರಿಗೆ ಇಷ್ಟು ಅಂತ ಹೊಲದೋರು ರಾಗಿ ಕೊಡೋರು. ಜಡಿ ಮಳೆ ಹಿಡ್ಕೊಂಡಿತ್ತು. ನಮ್ಮಪ್ಪ ಕುರಿ ಸುತ್ತ ಕಟ್ಟಿದ್ದ ಬಲೆ ಆ ಕಡೆ ಸುತ್ತಾಡ್ತಿದ್ದ, ನನ್ನ ಮರಿಗೂಡಿನ ಪಕ್ಕ ಕಂಬಳಿ ಕೊಪ್ಪೆ ಹಾಕಿ ಕೂರಿಸಿ, ಮಲಗ್ಬೇಡ, ಎಣಿಸ್ತಾ ಇರು ಅಂದಿದ್ದ. ಹದಿನಾಲ್ಕು ಮರಿ. ನಾನು ಎಣಿಸ್ತಾ ಎಣಿಸ್ತಾನೇ ನಿದ್ದೆ ಹೋದೆ. ಬೆಳಗ್ಗೆ ಹನ್ನೆರಡಿದ್ವು. ನಾಯಿ ಬೊಗಳಿದ್ದೂ ನಂಗೆ ಕೇಳ್ಸಿಲ್ಲ ನೋಡು, ತೋಳ ಬಂದು ಹೋಗಿದೆ, ಕೆಸರಲ್ಲಿ ಹೆಜ್ಜೆ. ಅಪ್ಪ ಹೊಡೀಲಿಲ್ಲ, ಬೈಲೂ ಇಲ್ಲ. ಹೆಜ್ಜೆ ನೋಡ್ದ, ನನ್ನ ನೋಡ್ದ, ಕಂಬಳಿ ಹಿಂಡಿ ಬಲೆ ಗೂಟದ ಮೇಲೆ ಹರವಿದ. ಮುಂದಿನ ತಿಂಗಳು ತಂದು ಹಾಸ್ಟೆಲ್‌ಗೆ ಸೇರಿಸ್ದ. ಎರಡು ಮರಿಗೆ ಶಿಕ್ಷೆನಾ ಅದು, ಈ ಹುಡುಗನ ಕೈಲಿ ಆಗಲ್ಲ ಓದ್ಲಿ ಅಂತಾನಾ? ಬ್ಯಾಂಕ್ ಕೆಲಸ ಸಿಕ್ಕಾಗ ಕೇಳೋಣ ಅನ್ಕೊಂಡೆ, ಮದುವೇಲಿ ಕೇಳೋಣ ಅನ್ಕೊಂಡೆ, ಆಸ್ಪತ್ರೇಲಿ ಅವನ ಕಾಲು ಒತ್ತುವಾಗ್ಲೂ ಬಾಯಿ ತನ್ಕ ಬಂತು. ಕೇಳ್ಲಿಲ್ಲ. ಒಂದೇಟು ಹೊಡೆದಿದ್ರೆ ಅವತ್ತಿಗೇ ಮುಗಿದು ಹೋಗ್ತಿತ್ತು ಅನ್ಸುತ್ತೆ, ಐವತ್ತೈದು ವರ್ಷ ಆಯ್ತು, ಇನ್ನೂ ಆ ಕಂಬಳಿಯಿಂದ ನೀರು ಸುರೀತಾ ಇದೆ.

ಅವತ್ತಿಂದ ರಾತ್ರಿ ಎಚ್ಚರಾದ್ರೆ ಮನೇಲಿರೋರನ್ನ ಎಣಿಸ್ತೀನಿ. ನಿಮ್ಮಮ್ಮನಿಗೂ ಹೇಳಿಲ್ಲ, ಈಗ ಓದಿ ಹೇಳ್ತಾಳೆ ಏನಾದ್ರೂ. ಆ ಬೆಳಗ್ಗೆ ಐದೂಮುಕ್ಕಾಲಿಗೆ ಎಣಿಸ್ದೆ, ನಾಲ್ಕು ಜನ ಇರ್ಬೇಕು, ಮೂರೇ ಇದ್ವಿ, ನಿನ್ನ ಮಗ ಇಲ್ಲ. ಬಾಗಿಲ ಚಿಲಕ ತೆಗೆದಿತ್ತು. ಹೊರಗೆ ಮಂಜು, ಆ ಹೊಲ ಮುಗಿಯೋ ಕಡೆ ಬೇಲಿ ಇಲ್ಲ, ಕೆಳಗೆ ಸಮುದ್ರ ಬಡೀತಿದೆ. ಬರಿಗಾಲಲ್ಲಿ ಪಂಚೆ ಎತ್ಕೊಂಡು ಓಡಿದೋನು ನಾನು. ಅವನಿಗೆ ನಾಲ್ಕು ವರ್ಷ ಕಣವ್ವ. ಮರಿಗೆ ಬಾಟಲಿ ಹಾಲು ಕುಡಿಸೋಕೆ ಆ ಹೆಂಗಸೇ ಬಂದು ಕರ್ಕೊಂಡು ಹೋಗ್ತಾಳೆ ಅಂತ ರಾತ್ರಿನೇ ಮಾತಾಗಿತ್ತು ಅಂತ ನಂಗೆ ಯಾರ್ ಹೇಳಿದ್ರು? ದೊಡ್ಡಿ ಬಾಗಿಲಲ್ಲಿ ನಿಂತು ನೋಡ್ತೀನಿ, ಹುಲ್ಲಿನ ಮೇಲೆ ಕೂತು ನಗ್ತಿದಾನೆ, ಮರಿ ಬಾಲ ಅಲ್ಲಾಡಿಸ್ತಾ ಹಾಲು ಎಳೀತಿದೆ. ತಾಯಿಗೂ ಮರಿಗೂ ಒಂದೇ ನಂಬರ್ ಬಣ್ಣದಲ್ಲಿ ಬರ್ದಿದ್ರು, ಯಾವ್ದು ಯಾರದ್ದು ಅಂತ ತಿಳೀಲಿ ಅಂತ. ಅವನ ಕೈಲಿದ್ದ ಮರಿ ಮೈಮೇಲೆ ನಂಬರ್ ಇರ್ಲಿಲ್ಲ.

ವಾಪಸ್ ಬಂದು ಆ ಹೆಂಗಸಿನ ಮುಂದೇನೇ ನಿನ್ನ ಮೇಲೆ ಕೂಗಾಡಿದ್ದು ತಪ್ಪು. ಕನ್ನಡದಲ್ಲಿ ಕೂಗಿದೆ ಅಂತ ಸಮಾಧಾನ ಮಾಡ್ಕೊಂಡಿದ್ದೆ, ಕೂಗು ಯಾವ ಭಾಷೇಲಿದ್ರೂ ಕೂಗೇ. ನೀನು ತಿರುಗಿ, ನಾನು ಇವನ ವಯಸ್ಸಲ್ಲಿದ್ದಾಗ ನೀವು ಯಾವ ಊರಲ್ಲಿದ್ರಿ ಅಪ್ಪ ಅಂದೆ. ಬೀದರ್. ಹದಿನೈದು ದಿನಕ್ಕೊಂದ್ಸಲ ರಾತ್ರಿ ಬಸ್ಸಲ್ಲಿ ಬರ್ತಿದ್ದೆ. ಟ್ರಾನ್ಸ್‌ಫರ್ ನನ್ ಕೈಲಿರ್ಲಿಲ್ಲ ಅಂತ ಹೇಳ್ಬಹುದು, ಪ್ರಮೋಷನ್ ಬೇಡ ಅಂದಿದ್ರೆ ಇರ್ತಿತ್ತು, ಅದೂ ನಿಂಗೆ ಗೊತ್ತು. ಅಲ್ಲಿ ರೂಮಲ್ಲಿ ನಾನೊಬ್ನೇ, ಎಚ್ಚರಾದ್ರೆ ಎಣಿಸೋಕೆ ಯಾರೂ ಇರ್ತಿರ್ಲಿಲ್ಲ.

ಆದ್ರೂ ಒಂದು ಮಾತು. ನಾಲ್ಕು ವರ್ಷದ ಮಗೂನ ಯಾರ ಜೊತೆ ಕಳ್ಸಿದ್ರೂ ಮನೇಲಿ ಇರೋ ಎಲ್ರಿಗೂ ಹೇಳು. ಅಂಥ ಹಟ್‌ಗೆ ಮತ್ತೆ ಹೋದ್ರೆ ಕಾರ್ಬನ್ ಮೊನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ನೋಡೇ ಒಲೆ ಹಚ್ಚು. ಬಾರ್ಬೆಕ್ಯೂ ಇದ್ದಿಲು ಆರಿದೆ ಅಂತ ಒಳಗೆ ತರ್ಬೇಡ, ಕೆಂಡ ಕಾಣ್ದಿದ್ರೂ ಆ ವಿಷದ ಗ್ಯಾಸ್ ಬರ್ತಾನೇ ಇರುತ್ತೆ, ವಾಸ್ನೆ ಇರಲ್ಲ. ಮರಿ ಮುಟ್ಟಿದ ಕೈ ಸೋಪ್ ಹಾಕಿ ತೊಳ್ಸು. ನಾವು ತೊಳೀತಿದ್ವಾ ಅಂತ ಕೇಳ್ಬೇಡ. ನೋಡು, ಬರೀಬಾರ್ದು ಅನ್ಕೊಂಡು ಶುರು ಮಾಡಿದ್ದನ್ನೇ ಬರೀತಿದೀನಿ, ನಿಮ್ಮಮ್ಮ ಹಿಂದಿಂದ ಓದಿ ಸಾಕು ಅಂತಿದಾಳೆ.

ಅವನಿಗೆ ಇಲ್ಲಿಂದ ಒಂದು ಸಣ್ಣ ಕಂಬಳಿ ಕಳಿಸ್ತಿದೀನಿ, ಕಪ್ಪು ಉಣ್ಣೇದು. ಕೊರಿಯರ್ ಚಾರ್ಜು ಕಂಬಳಿಗಿಂತ ಜಾಸ್ತಿ ಆಯ್ತು. ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ಮೊದಮೊದ್ಲು ಬಿರುಸಾಗಿ ಚುಚ್ಚುತ್ತೆ, ವಾಸ್ನೇನೂ ಇರುತ್ತೆ, ವಾಷಿಂಗ್ ಮಷೀನ್‌ಗೆ ಮಾತ್ರ ಹಾಕ್ಬೇಡ. ಒದ್ದೆ ಆದ್ರೆ ಹಿಂಡಿ ಗಾಳಿಗೆ ಹರವು. ತಲುಪಿದ ಮೇಲೆ ಫೋನ್ ಮಾಡು, ನಾನೇ ಎತ್ತೀನಿ.

ನಿಮ್ಮಪ್ಪ